ಗೇಟು ತೆರೆದಿಟ್ಟ ಊರು

ತವರಿನ ಹಿತ್ತಲಿನಿಂದ ತಂದ ಬಸರಿ ಗಿಡವೊಂದನ್ನು ಮಡಿಕೇರಿಯ ನಮ್ಮ ಮನೆಯ ಹಿಂದೆ, ಅಗಲವಾದ ಮಣ್ಣಿನ ತಟ್ಟೆಯಲ್ಲಿ ಐದು ವರ್ಷ ಬೆಳೆಸಿದ್ದೆ. ಬೋನ್ಸಾಯ್ ಪುಸ್ತಕ ನೋಡಿ ಕೊಂಬೆಗೆ ತಂತಿ ಸುತ್ತಿ, ಅದು ಹೇಳಿದಷ್ಟು ತಿಂಗಳು ಹಾಗೇ ಬಿಟ್ಟೆ. ನಮ್ಮ ಮಳೆಗಾಲದಲ್ಲಿ ಬಸರಿ ಹೇಗೆ ಕೊಬ್ಬುತ್ತದೆಂದು ಆ ಪುಸ್ತಕಕ್ಕೇನು ಗೊತ್ತು? ಆಗಸ್ಟಿನಲ್ಲಿ ನೋಡಿದರೆ ತಂತಿ ತೊಗಟೆಯೊಳಗೆ ಹೂತುಹೋಗಿತ್ತು.

ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವ ಎಂಟು ಮಂದಿ ಹೆಂಗಸರ ಕೂಟ ನಮ್ಮದು. ಅಲ್ಲಿಗೆ ನಾನು ಚೆಂದದ ಗಿಡಗಳನ್ನಷ್ಟೇ ಒಯ್ಯುತ್ತಿದ್ದೆ. ಅಮ್ಮ ಹೋದ ಮೇಲೆ ಉಳಿದಿದ್ದ ಒಂದೇ ಗಿಡವನ್ನು ಹಾಳು ಮಾಡಿದೆನೆಂದು ಯಾರ ಮುಂದೆ ಹೇಳಿಕೊಳ್ಳಲಿ?

ಆ ದಿನಗಳಲ್ಲೇ ನಾನು ಓಮಿಯಾದ ಕಥೆ ಓದಿದ್ದು. 1923ರ ಭೂಕಂಪದಲ್ಲಿ ಟೋಕಿಯೊದ ದೊಡ್ಡ ಭಾಗ ಸುಟ್ಟು ನೆಲಸಮವಾಯಿತು. ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು, ಗಾಳಿ, ಜಾಗ ಹುಡುಕಿ ಉತ್ತರದ ಓಮಿಯಾಕ್ಕೆ ಹೋದರು. 1925ರಲ್ಲಿ ಬೋನ್ಸಾಯ್ ಹಳ್ಳಿಯೇ ಹುಟ್ಟಿತು. ಅಲ್ಲಿ ನೆಲೆಸುವವರಿಗೆ ಕೆಲವು ಕಟ್ಟಳೆಗಳಿದ್ದವು. ಹತ್ತಾದರೂ ಬೋನ್ಸಾಯ್ ಇಟ್ಟುಕೊಳ್ಳಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಗೋಡೆಯ ಬದಲು ಹಸಿರು ಬೇಲಿ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಗೇಟು ಎಲ್ಲರಿಗೂ ತೆರೆದಿರಬೇಕು. 1989ರಲ್ಲಿ ಮೊದಲ ವಿಶ್ವ ಬೋನ್ಸಾಯ್ ಸಮ್ಮೇಳನ ಸೇರಿದ್ದೂ ಅದೇ ಊರಿನಲ್ಲಿ.

ಜೊತೆಗೂಡಿ ಗಿಡ ಬೆಳೆಸುವುದು ನಮ್ಮ ನಾಡಿಗೂ ಹೊಸದಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಕಟ್ಟಿದರು. ಗಾಜಿನಮನೆಯ ಫಲಪುಷ್ಪ ಪ್ರದರ್ಶನ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ನಾನೂ ಬೆರಗಾಗಿ ನಿಂತಿದ್ದೇನೆ. ಆದರೆ ಪ್ರದರ್ಶನದಲ್ಲಿ ಕಾಣುವುದು ಗೆದ್ದ ಗಿಡಗಳು. ಸೋತ ಗಿಡ ನೋಡಬೇಕಾದರೆ ಯಾರದಾದರೂ ಹಿತ್ತಲಿಗೇ ಹೋಗಬೇಕು. ಓಮಿಯಾದವರ ತೆರೆದ ಗೇಟಿನ ಗುಟ್ಟು ಇದೇ ಇರಬೇಕೆಂದು ನನಗನ್ನಿಸಿತು.

ಮುಂದಿನ ಕೂಟ ನಮ್ಮ ಮನೆಯಲ್ಲಿತ್ತು. ಕಾಫಿ ಕೊಟ್ಟಾದ ಮೇಲೆ ಎಲ್ಲರನ್ನೂ ಹಿತ್ತಲಿಗೆ ಕರೆದೆ. ನಲವತ್ತು ವರ್ಷ ಕಾಫಿ ತೋಟದಲ್ಲಿ ನಿಂತು ಚಿಗುರು ತೆಗೆಸಿದ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿದರು. "ಸುತ್ತು ಬಿಚ್ಚಬೇಡ, ತುಂಡು ತುಂಡಾಗಿ ಕತ್ತರಿಸು. ಒಳಗೆ ಸಿಕ್ಕಿದ್ದನ್ನು ಎಳೆಯಬೇಡ, ತೊಗಟೆ ಕಿತ್ತು ಬರುತ್ತದೆ" ಎಂದರು. ಇನ್ನೊಬ್ಬರು ನಾಚುತ್ತಾ, "ನನ್ನ ಅತ್ತಿಗೂ ಹೀಗೇ ಆಗಿತ್ತು" ಎಂದರು. ಎರಡು ವರ್ಷ ಅವರೂ ಬಚ್ಚಿಟ್ಟಿದ್ದರಂತೆ! ಅವರು ಆಗಲೇ ಹೇಳಿದ್ದರೆ ನನ್ನ ಬಸರಿ ಉಳಿಯುತ್ತಿತ್ತಲ್ಲ ಎಂದುಕೊಂಡೆ. ನಾನೂ ಹೇಳಿರಲಿಲ್ಲವೆಂಬುದು ಮರುಕ್ಷಣವೇ ನೆನಪಾಯಿತು.

ಈಗ ನಮ್ಮ ಕೂಟಕ್ಕೂ ಒಂದು ಕಟ್ಟಳೆಯಿದೆ. ಬರುವಾಗ ಸೊರಗಿದ ಗಿಡವೊಂದನ್ನು ತರಲೇಬೇಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಂತಿ ನೋಡಬೇಕು, ಮಣ್ಣಿಗೆ ಇಟ್ಟಿಗೆ ಚೂರು, ದಪ್ಪ ಮರಳು ಹೆಚ್ಚು ಬೆರೆಸಬೇಕೆಂದು ಕಲಿತದ್ದು ಅಂಥ ಗಿಡಗಳಿಂದಲೇ. ಬಸರಿಯ ಗಾಯ ಇನ್ನೂ ಪೂರ್ತಿ ಮುಚ್ಚಿಲ್ಲ. ಆದರೆ ಅದೀಗ ಮುಂಬಾಗಿಲ ಬಳಿಯೇ ಇದೆ.