ಪ್ರೋಗ್ರಾಂ ಬರೆಯುವ ಮೊದಲು ಪ್ರಶ್ನೆ ಕೇಳುವುದು

ಹೊಸೂರು, ಬರಗೂರು ಕಡೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಂಪ್ಯೂಟರ್ ಓದುವ ನಮ್ಮ ಮಕ್ಕಳಿಗೆ ‘ರಿಕ್ವೈರ್‌ಮೆಂಟ್ಸ್’ ಎಂಬ ಪಾಠವಿದೆ. ಬಳಸುವವರಿಗೆ ಏನು ಬೇಕೆಂದು ಕೇಳಿ ತಿಳಿದು ಬರೆದಿಡುವುದೇ ಅದು. ಏನು ಕಟ್ಟಬೇಕೆಂದು ಖಚಿತವಾಗಿ ತೀರ್ಮಾನಿಸುವುದೇ ಈ ಕೆಲಸದಲ್ಲಿ ಅತಿ ಕಷ್ಟದ ಭಾಗ ಎಂದು ಅಮೆರಿಕದ ಫ್ರೆಡ್ ಬ್ರೂಕ್ಸ್ 1980ರ ದಶಕದಲ್ಲೇ ಬರೆದಿದ್ದರು.

“ನಿಮಗೆ ಏನು ಬೇಕು?” ಎಂದು ರೈತನನ್ನು ಕೇಳಿದರೆ “ಬೇಗ ಕೆಲಸ ಆಗಬೇಕು” ಅನ್ನುತ್ತಾನೆ, ಅಷ್ಟೆ. “ಹೋದ ಸಲ ಪಟ್ಟಾ ಹೆಸರು ಬದಲಾಯಿಸಲು ಹೋದಾಗ ಏನೇನಾಯಿತು?” ಎಂದು ಕೇಳಿ ನೋಡಿ. ಯಾವ ಕಾಗದ ಕೇಳಿದರು, ಎಷ್ಟು ಸಲ ಅಲೆದಾಡಿದ, ಎಲ್ಲಿಂದ ವಾಪಸ್ ಕಳಿಸಿದರು, ಎಲ್ಲಾ ಹೊರಬರುತ್ತದೆ. ಆಗ ವಿದ್ಯಾರ್ಥಿ ಬಾಯಿ ಮುಚ್ಚಿಕೊಂಡಿರಬೇಕು (ಇದೇ ಕಷ್ಟ!). ‘ಆಗಾಗ’ ಅಂದರೆ ತಿಂಗಳಿಗೆ ಎಷ್ಟು ಸಲ ಎಂದು ಕೇಳಬೇಕು. ಗುಮಾಸ್ತರ ಪಕ್ಕ ಒಂದು ಗಂಟೆ ಕುಳಿತು ನೋಡಬೇಕು. ಕೊನೆಗೆ ಅರ್ಥವಾದದ್ದನ್ನು ತಿರುಗಿ ಹೇಳಿ, ಸರಿಯೇ ಎಂದು ಕೇಳಬೇಕು.

ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ನೋಡಿ. ಸುಮಾರು 9,000 ಗ್ರಾಮಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಆರಂಭದಲ್ಲಿ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ನನಗೆ ಮುಖ್ಯವೆನಿಸುವುದು ಬೇರೆ: ಖಾತೆ ಬದಲಾವಣೆ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು ಎಂಬ ನಿಯಮ ಸಾಫ್ಟ್‌ವೇರಿನೊಳಗೇ ಇತ್ತು. ಕಚೇರಿಯವರನ್ನು ಮಾತ್ರ ಕೇಳಿ ಬರೆದಿದ್ದರೆ ಇಂಥ ನಿಯಮ ಬರುತ್ತಿತ್ತೇ?

ನಮ್ಮ ಗಡಿಯಲ್ಲಿ ಇನ್ನೊಂದು ತೊಡಕು. ಆನೇಕಲ್ ಕಡೆ ಪಹಣಿಯಲ್ಲಿ ಒಡೆತನ, ಬೆಳೆ ಎರಡೂ ಒಂದೇ ಹಾಳೆಯಲ್ಲಿರುತ್ತವೆ. ಇಲ್ಲಿ ಪಟ್ಟಾ-ಚಿಟ್ಟಾ ಬೇರೆ, ಬೆಳೆಗೆ ಅಡಂಗಲ್ ಬೇರೆ. ಕನ್ನಡದವನು “ಪಹಣಿ ಬೇಕು” ಅಂದರೆ ಯಾವುದು ಎಂದು ಕೇಳದೆ ಬರೆದುಕೊಂಡರೆ ತಪ್ಪಾಗುತ್ತದೆ. ಹೆಸರಿನದೂ ಅದೇ ಗೋಳು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಹೀಗಾಗಿ ತಮಿಳಿನಿಂದ ಇಂಗ್ಲಿಷಿಗೆ ಬರುವಾಗ ಗಂಗಪ್ಪ ಕಂಗಪ್ಪ ಆಗಿಬಿಡಬಹುದು. ಆಮೇಲೆ ಬ್ಯಾಂಕಿನವರು ಇಬ್ಬರೂ ಒಬ್ಬರೇ ಎಂದು ನಂಬಬೇಕಲ್ಲ! ಮೊದಲೇ “ಪಟ್ಟಾದಲ್ಲಿ ಹೇಗಿದೆ, ಆಧಾರ್‌ನಲ್ಲಿ ಹೇಗಿದೆ?” ಎಂದು ಕೇಳಿದ್ದರೆ ಎರಡು ಹೆಸರಿಗೂ ಜಾಗ ಇಡಬಹುದಿತ್ತು.

ಪ್ರಾಜೆಕ್ಟ್ ಎಂದು ಯಾರಾದರೂ ವಿದ್ಯಾರ್ಥಿ ನಿಮ್ಮ ಜಗಲಿಗೆ ಬಂದರೆ ಹಳೆಯ ಕಾಗದ ತೋರಿಸಿ, ನಡೆದದ್ದು ಹೇಳಿ. ಆಧಾರ್ ನಂಬರ್, ಓಟಿಪಿ ಮಾತ್ರ ಕೊಡಬೇಕಾಗಿಲ್ಲ.