ಪಾನಾ ಹಿಡಿದವರ ಚರಿತ್ರೆ

1915ರಲ್ಲಿ ಮಸ್ಕಿಯ ಅಶೋಕ ಶಾಸನವನ್ನು ಬೆಳಕಿಗೆ ತಂದವರು ಸಿ. ಬೀಡನ್. ಅವರು ಇತಿಹಾಸಕಾರರಲ್ಲ, ಚಿನ್ನದ ಗಣಿಗಳ ಎಂಜಿನಿಯರ್. ಅಂದಿನಿಂದ ಮಸ್ಕಿ ಎಂದರೆ ನಮಗೆ ಶಾಸನ. ಲಿಂಗಸುಗೂರು ಎಂದರೆ ಹಟ್ಟಿಯ ಚಿನ್ನ, ಸಿಂಧನೂರು ಎಂದರೆ ಕಾಲುವೆಯ ಭತ್ತ. ಈ ಮೂರು ಊರುಗಳನ್ನು ಜೋಡಿಸುವ ರಸ್ತೆಯಲ್ಲಿ ಓಡಿದ ಗಾಡಿಗಳು, ಅವನ್ನು ನಿಲ್ಲದಂತೆ ನೋಡಿಕೊಂಡ ಕೈಗಳು ನಮ್ಮ ಚರಿತ್ರೆಯಲ್ಲಿ ಕಾಣುವುದು ಅಪರೂಪ.

ಇತಿಹಾಸಕಾರ ಡೇವಿಡ್ ಎಡ್ಜರ್ಟನ್ ತಮ್ಮ ‘ದ ಶಾಕ್ ಆಫ್ ದ ಓಲ್ಡ್’ ಕೃತಿಯಲ್ಲಿ, ತಂತ್ರಜ್ಞಾನದ ಕಥೆಯನ್ನು ಆವಿಷ್ಕಾರದಿಂದಲ್ಲ, ಬಳಕೆ ಮತ್ತು ದುರಸ್ತಿಯಿಂದ ಹೇಳಬೇಕು ಎಂದು ವಾದಿಸುತ್ತಾರೆ. ರಾಯಚೂರು ಸೀಮೆಗೆ ಈ ಮಾತು ಚೆನ್ನಾಗಿ ಹೊಂದುತ್ತದೆ. ಇಲ್ಲಿ ಯಾರೂ ಕಾರು ಕಂಡುಹಿಡಿಯಲಿಲ್ಲ, ಆದರೆ ಹಳೆಯ ಕಾರನ್ನು ಬದುಕಿಸುವ ವಿದ್ಯೆ ಬೆಳೆಯಿತು.

ಆ ವಿದ್ಯೆಯ ಮೊದಲ ಪುರಾವೆ ಭಾಷೆಯಲ್ಲಿದೆ. 1932ರಲ್ಲಿ ನಿಜಾಮ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 27 ಬಸ್ಸುಗಳೊಂದಿಗೆ ಆರಂಭವಾದಾಗ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇಂದಿಗೂ ಈ ಕಡೆಯ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ‘ಪಾನಾ’, ಸ್ಕ್ರೂಡ್ರೈವರ್ ‘ಪೇಚ್‌ಕಸ್’, ಕಾರ್ಬ್ಯುರೇಟರಿನಲ್ಲಿ ಸಿಕ್ಕ ಕಸ ‘ಕಚರಾ’. ಉರ್ದು, ಇಂಗ್ಲಿಷ್, ಕನ್ನಡ ಒಂದೇ ಎಣ್ಣೆಯಲ್ಲಿ ಅದ್ದಿದ ಮಾತುಗಳಿವು.

1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿದ ಮೇಲೆ ಎಡದಂಡೆ ಕಾಲುವೆಯ ಗುಂಟ ಕ್ಯಾಂಪುಗಳು ಹುಟ್ಟಿದವು. ಅವುಗಳ ಹಿಂದೆಯೇ ಟ್ರ್ಯಾಕ್ಟರು, ಜೀಪು, ಲಾರಿ ಬಂದವು. ಕಾರು ಎಂದರೆ ಬಹುತೇಕ ಅಂಬಾಸಿಡರ್, ಇಲ್ಲವೇ ಫಿಯೆಟ್. 1957ರಲ್ಲಿ ಉತ್ತರಪಾರಾದಲ್ಲಿ ತಯಾರಾಗತೊಡಗಿದ ಅಂಬಾಸಿಡರ್ ದಶಕಗಳ ಕಾಲ ಹೆಚ್ಚು ಬದಲಾಗಲಿಲ್ಲ. ಲೈಸೆನ್ಸ್ ಕಾಲದ ಮುಚ್ಚಿದ ಮಾರುಕಟ್ಟೆ ಗ್ರಾಹಕನಿಗೆ ಆಯ್ಕೆ ಕೊಡಲಿಲ್ಲ. ಆದರೆ ಯಂತ್ರ ಬದಲಾಗದ ಕಾರಣ ಅಪ್ಪ ಕಲಿತದ್ದು ಮಗನಿಗೂ ಉಪಯೋಗಕ್ಕೆ ಬಂತು. ದೋಷವೇ ಒಂದು ಶಾಲೆಯಾಯಿತು.

ಆ ಶಾಲೆಯ ಪಾಠಗಳು ಸರಳ. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಟ್ಟು ಗುಳಿ ಬಿದ್ದರೆ ಕಿಡಿ ಸೊರಗುತ್ತದೆ. ಅವನ್ನು ಉಜ್ಜಿ, ನಡುವೆ ಸುಮಾರು 0.4 ಮಿಲಿಮೀಟರ್ ಸಂದು ಬಿಡಬೇಕು. ಫೀಲರ್ ಗೇಜ್ ಇಲ್ಲದವರು ದಪ್ಪ ಕಾಗದವನ್ನು ತೂರಿಸಿ ಅಂದಾಜು ಮಾಡುತ್ತಿದ್ದರು. ಪ್ಲಗ್ಗಿನ ವೈರು ಬಿಚ್ಚಿದರೆ ಜೋಡಿಸುವ ಕ್ರಮ ಬಾಯಿಪಾಠವಾಗಿರಬೇಕು: ಒಂದು, ಮೂರು, ನಾಲ್ಕು, ಎರಡು. ಪ್ಲಗ್ಗು ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಾಗಿದ್ದರೆ ಗಾಳಿ ಹೆಚ್ಚು. ಎಲ್ಲಕ್ಕಿಂತ ದೊಡ್ಡ ವೈರಿ ಎರೆಮಣ್ಣಿನ ಧೂಳು. ಅಂದಿನ ಜೀಪು, ಟ್ರ್ಯಾಕ್ಟರುಗಳ ಏರ್ ಕ್ಲೀನರಿನ ತಳದಲ್ಲಿ ಎಣ್ಣೆ ಇರುತ್ತಿತ್ತು. ಒಳಬರುವ ಗಾಳಿಯ ಧೂಳು ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಎಣ್ಣೆ ಕೆಸರಾದರೂ ಬದಲಿಸದಿದ್ದರೆ ಧೂಳು ಸಿಲಿಂಡರಿಗೆ ಇಳಿದು ಪಿಸ್ಟನ್ ರಿಂಗುಗಳನ್ನು ಸವೆಸುತ್ತಿತ್ತು. ತಯಾರಕರ ಕೈಪಿಡಿ ಹೇಳುವ ಅವಧಿಗಿಂತ ಹೊಲದ ಧೂಳು ಹೇಳುವ ಅವಧಿಯೇ ಇಲ್ಲಿ ಖರೆ.

ಇದನ್ನು ಸ್ವಾವಲಂಬನೆಯ ಸುವರ್ಣಯುಗ ಎನ್ನುವುದು ಸುಲಭ. ಆದರೆ ‘ನಮ್ಮ ಗಾಡಿ ನಾವೇ ಮಾಡ್ಕೋತೀವಿ’ ಎಂಬ ಮಾತಿನಲ್ಲಿ ‘ನಾವು’ ಯಾರು? ಎಷ್ಟೋ ಕಡೆ ಗಾಡಿ ಧಣಿಯದು, ಕೈ ಮಾತ್ರ ಡ್ರೈವರನದು ಅಥವಾ ಶಾಲೆ ಬಿಟ್ಟು ಬಂದ ಕ್ಲೀನರ್ ಹುಡುಗನದು. ಆರ್‌ಸಿ ಪುಸ್ತಕದಲ್ಲಿ ಮೊದಲಿನವನ ಹೆಸರು ಉಳಿಯುತ್ತದೆ. ಎರಡನೆಯವನ ಜ್ಞಾನ ಎಲ್ಲಿಯೂ ದಾಖಲಾಗುವುದಿಲ್ಲ.

1983ರಲ್ಲಿ ಮಾರುತಿ 800 ಬಂದಿತು. 2000ದಿಂದ ಬಿಗಿಯಾಗುತ್ತ ಹೋದ ಹೊಗೆ ನಿಯಮಗಳು 2020ರಲ್ಲಿ ಬಿಎಸ್ 6 ಹಂತ ತಲುಪಿದವು. ಗಾಳಿ ಶುದ್ಧವಾಗಲು ಅವು ಬೇಕೇ ಬೇಕು. ಆದರೆ ಪಾಯಿಂಟು, ಕಾರ್ಬ್ಯುರೇಟರುಗಳ ಜಾಗಕ್ಕೆ ಸೆನ್ಸಾರು, ಕಂಪ್ಯೂಟರು ಬಂದವು. ಬಾನೆಟ್ ತೆರೆದರೂ ದೋಷ ಓದಲು ಸ್ಕ್ಯಾನರ್ ಬೇಕು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಚರ್ಚೆಗೆ ಸಮಿತಿ ರಚಿಸಿದಾಗ ವಾಹನಗಳ ಜೊತೆ ಕೃಷಿ ಯಂತ್ರಗಳನ್ನೂ ಸೇರಿಸಿದ್ದು ಅರ್ಥಪೂರ್ಣ. ಸುಗ್ಗಿಯಲ್ಲಿ ನಿಂತ ಟ್ರ್ಯಾಕ್ಟರಿಗೆ ಕಂಪನಿಯವರು ಬರುವತನಕ ಭತ್ತ ಕಾಯುವುದಿಲ್ಲ.

ಹಕ್ಕು ಕೇಳುವವರಿಗೆ ತಮ್ಮ ಚರಿತ್ರೆ ಗೊತ್ತಿರಬೇಕು. ಅಶೋಕನ ಮಾತು ಕಲ್ಲಿನ ಮೇಲಿದ್ದುದರಿಂದ ಉಳಿಯಿತು. ಮಿಸ್ತ್ರಿಗಳ ಮಾತು ಅವರ ನೆನಪಿನಲ್ಲಷ್ಟೇ ಇದೆ. ಗ್ಯಾರೇಜಿನ ಎಣ್ಣೆ ಮೆತ್ತಿದ ಲೆಕ್ಕದ ಪುಸ್ತಕ, ಬಿಡಿಭಾಗದ ಬಿಲ್ಲು, ಹಳೆಯ ಡ್ರೈವರನ ಸಂದರ್ಶನ ಇವೂ ಆಕರಗಳೇ. ಅವರು ಇರುವಾಗಲೇ ಹೋಗಿ ಕೇಳಿ ಬರೆದುಕೊಳ್ಳಬೇಕು.