ತಾಯಿ, ಮಗು ಮತ್ತು ಶಾಸನ

ಬೆಂಗಳೂರಿನ ಪಶ್ಚಿಮಕ್ಕೆ 1949ರಲ್ಲಿ ಕೈಗಾರಿಕೆಗಳಿಗೆಂದು ಒಂದು ಬಡಾವಣೆಯು ಆರಂಭವಾಯಿತು. ಅದಕ್ಕೆ ರಾಜಾಜಿಯವರ ಹೆಸರನ್ನಿಟ್ಟರು. 1937ರಲ್ಲಿ ಮದರಾಸು ಪ್ರಾಂತದ ಸರ್ಕಾರವನ್ನು ನಡೆಸುತ್ತ, ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದವರು ಅವರು. ಅವರ ಹೆಸರಿನ ಈ ರಾಜಾಜಿನಗರದಲ್ಲಿಯೇ ಕಾರ್ಮಿಕರ ರಾಜ್ಯ ವಿಮಾ ಆಸ್ಪತ್ರೆಯೂ ಇದೆ. ಹೀಗೆ ಒಂದೇ ಬಡಾವಣೆಯಲ್ಲಿ ಪಾನನಿರೋಧದ ನೆನಪೂ ತಾಯಂದಿರ ರಕ್ಷಣೆಯೂ ಕೂಡಿವೆ. ಆದರೆ ನಮ್ಮ ಶಾಸನಗಳಲ್ಲಿ ಇವೆರಡೂ ಬಹುಕಾಲ ಬೇರೆ ಬೇರೆ ದಾರಿಗಳನ್ನೇ ಹಿಡಿದುವು.

ಮೊದಲು ತಾಯಿಯ ವಿಷಯವನ್ನು ನೋಡೋಣ. ಮೈಸೂರು ಸಂಸ್ಥಾನವು 1894ರಲ್ಲಿಯೇ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ನಿಷೇಧಿಸಿತು. 1930ರಲ್ಲಿ ಸಂತಾನನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳಿಗೆ ಅಪ್ಪಣೆಯಾಯಿತು. 1935ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ವಾಣಿವಿಲಾಸ ಆಸ್ಪತ್ರೆಯು ತೆರೆಯಿತು. ಭಾರತದಲ್ಲಿ 1948ರ ಕಾರ್ಮಿಕ ವಿಮಾ ಕಾಯಿದೆಯು ವಿಮೆಗೊಳಪಟ್ಟ ಸ್ತ್ರೀಯರಿಗೆ ಹೆರಿಗೆಯ ಕಾಲದ ಧನಸಹಾಯವನ್ನು ಕೊಟ್ಟಿತು. 1961ರ ಕಾಯಿದೆಯು ಹೆರಿಗೆಯಾದ ಆರು ವಾರಗಳವರೆಗೆ ತಾಯಿಯನ್ನು ದುಡಿಸಬಾರದೆಂದು ವಿಧಿಸಿ, 12 ವಾರಗಳ ವೇತನಸಹಿತ ರಜೆಯನ್ನು ಗೊತ್ತುಮಾಡಿತು. 2017ರಲ್ಲಿ ಮೊದಲ ಎರಡು ಮಕ್ಕಳಿಗೆ ಅದು 26 ವಾರಗಳಾಯಿತು.

ಇನ್ನು ಮದ್ಯದ ವಿಷಯ. 1950ರ ಸಂವಿಧಾನವು ತನ್ನ 47ನೆಯ ವಿಧಿಯಲ್ಲಿ ಪ್ರಜೆಗಳ ಪೋಷಣೆಯನ್ನೂ ಆರೋಗ್ಯವನ್ನೂ ಪಾನನಿರೋಧವನ್ನೂ ಒಂದೆಡೆ ಸೇರಿಸಿತು. ಆದರೆ ಮದ್ಯವು ಗರ್ಭಸ್ಥ ಶಿಶುವಿಗೆ ಮಾಡುವ ಹಾನಿಯನ್ನು ವೈದ್ಯಶಾಸ್ತ್ರವು ಸ್ಪಷ್ಟವಾಗಿ ಗುರುತಿಸಿದುದು ಆಮೇಲೆ. 1968ರಲ್ಲಿ ಫ್ರಾನ್ಸಿನ ವೈದ್ಯರು ವರ್ಣಿಸಿದರು, 1973ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯರು ಆ ವ್ಯಾಧಿಗೆ ಹೆಸರಿಟ್ಟರು. ತಾಯಿ ಕುಡಿದ ಮದ್ಯವು ಮಾಸಿನ ಮೂಲಕ ಶಿಶುವಿನ ರಕ್ತವನ್ನು ಸೇರುತ್ತದೆ. ಅದರಿಂದ ಮಿದುಳಿಗಾದ ಊನವು ಜೀವಮಾನವೆಲ್ಲ ಉಳಿಯುತ್ತದೆ. ಇಷ್ಟು ಕುಡಿದರೆ ಅಪಾಯವಿಲ್ಲವೆಂಬ ಅಳತೆಯು ಯಾವುದೂ ತಿಳಿದುಬಂದಿಲ್ಲ.

ಅಮೆರಿಕವು 1988ರ ಶಾಸನದಿಂದ ಪ್ರತಿ ಸೀಸೆಯ ಮೇಲೂ ಗರ್ಭಿಣಿಯರಿಗೆ ಎಚ್ಚರಿಕೆಯನ್ನು ಬರೆಯಿಸಿತು. ಭಾರತದಲ್ಲಿ 2019ರಲ್ಲಿ ಜಾರಿಗೆ ಬಂದ ಎಚ್ಚರಿಕೆಯು ಮದ್ಯವು ಆರೋಗ್ಯಕ್ಕೆ ಹಾನಿಕರವೆಂದಿತು. ಕುಡಿದು ವಾಹನ ನಡೆಸಬೇಡಿರೆಂದಿತು. ಗರ್ಭಿಣಿಯ ಮಾತನ್ನೇ ಅದು ಎತ್ತಲಿಲ್ಲ.

ಈ ಕೊರತೆಯನ್ನು ದಂಡನೆಯಿಂದ ತುಂಬಲಾಗದು. ಶಿಕ್ಷೆಗೆ ಹೆದರಿದ ತಾಯಿಯು ವೈದ್ಯರಿಂದಲೇ ದೂರವಾದಾಳು. ತಾನು ಗರ್ಭಿಣಿಯೆಂಬುದು ತಿಳಿಯುವ ಮೊದಲೇ ಕುಡಿದವಳೂ ಇರಬಹುದು. ತಿಳಿದ ದಿನವೇ ಬಿಟ್ಟರೂ ಮಗುವಿಗೆ ಲಾಭವುಂಟು. ತಾಯಂದಿರಿಗೆ ಒಳಿತಾದುದು ಅವರ ಕೈಗೆ ವೇತನವನ್ನೋ ವಿಶ್ರಾಂತಿಯನ್ನೋ ಚಿಕಿತ್ಸೆಯನ್ನೋ ಕೊಟ್ಟ ಶಾಸನಗಳಿಂದ. ಅವುಗಳ ಜೊತೆಗೆ ಸೀಸೆಯ ಮೇಲೊಂದು ಸಾಲು, ಮೊದಲ ತಪಾಸಣೆಯಲ್ಲಿ ಮೃದುವಾದ ಒಂದು ಪ್ರಶ್ನೆ, ಇಷ್ಟನ್ನು ಸೇರಿಸುವುದು ಕಷ್ಟವಲ್ಲ. ಮಾತನಾಡಲಾರದ ಕೂಸಿನ ಪರವಾಗಿ ನಾವು ಕೇಳಬೇಕಾದುದು ಅದನ್ನೇ.